ಪದಚರ್ಚೆ: ಪಿತ್ತಕೋಶವನ್ನು ‘ನಿಷ್ಕ್ರಿಯಗೊಳಿಸುವುದೋ’, ‘ಮುರುಟಿಸುವುದೋ’?

ಗೆಳೆಯರೇ, ನಮಸ್ಕಾರ.

ಪಿತ್ತಕೋಶದ, ಅಂದರೆ ಪಿತ್ತರಸ ತುಂಬಿಡುವ ಚೀಲದ, ಕಲ್ಲಿನ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಅಬ್ಲೇಷನ್’ ಅನ್ನುವ ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ಪಿತ್ತಕೋಶವನ್ನು ಕೊಯ್ದು ತೆಗೆಯದೆ, ಇದ್ದಲ್ಲೇ ಇಲ್ಲದಂತೆ ಮಾಡುವುದು ಅದರ ಅರ್ಥ. 1980ರ ದಶಕದಲ್ಲಿ ಮೊಲ, ಹಂದಿಗಳಲ್ಲಿ ಇದನ್ನು ಮಾಡಿ ನೋಡಿದರು.

ಪತ್ರಿಕೆ ಓದುವವರಿಗೆ ತಟ್ಟನೆ ಹೊಳೆಯುವುದು ‘ನಿಷ್ಕ್ರಿಯಗೊಳಿಸು’. ಆದರೆ ನಿಷ್ಕ್ರಿಯಗೊಳಿಸಿದ ಬಾಂಬ್ ಸುಮ್ನೆ ಬಿದ್ದಿರುತ್ತದೆ. ಪಿತ್ತಕೋಶ ಹಾಗಲ್ಲ. ಅದರ ನಾಳ ಮುಚ್ಚಿದರೆ ಒಳಕ್ಕೆ ಪಿತ್ತರಸ ಬರುವುದು ನಿಲ್ಲುತ್ತದೆ, ನಿಜ. ಒಳಪೊರೆ ಮಾತ್ರ ಜೀವಂತವಾಗಿದ್ದು ಲೋಳೆ ಸುರಿಸುತ್ತಲೇ ಇರುತ್ತದೆ. ಹೊರಗೆ ದಾರಿಯಿಲ್ಲದೆ ಚೀಲ ಊದಿಕೊಳ್ಳಬಹುದು. ಹಾಗಾಗಿ ಆ ಪೊರೆಯೇ ಸಾಯಬೇಕು.

ಕೆನಡಾದ ವ್ಯಾಂಕೂವರ್‌ನಲ್ಲಿ ಹಂದಿಗಳಿಗೆ ಮಾಡಿದ್ದೂ ಅದನ್ನೇ. ಮೊದಲು ವಿದ್ಯುತ್ತಿನ ಕಾವಿನಿಂದ ನಾಳದ ಒಳಗನ್ನು ಸುಟ್ಟರು. ಗಾಯ ಮಾಯುತ್ತಾ ನಾಳ ಮುಚ್ಚಿಕೊಂಡಿತು. ಆಮೇಲೆ ಚೀಲದೊಳಕ್ಕೆ 95% ಆಲ್ಕೋಹಾಲ್ ಮತ್ತು ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ ಬಿಟ್ಟರು. ಈ ಎರಡನೆಯದು ಉಬ್ಬಿದ ರಕ್ತನಾಳಗಳಿಗೆ ಚುಚ್ಚುವ ಮದ್ದು. ನಾಳ ತೆರೆದಿದ್ದರೆ ಇವು ದೊಡ್ಡ ಪಿತ್ತನಾಳಕ್ಕೆ ಸೋರಿ ಅದನ್ನೂ ಸುಟ್ಟಾವು. ಪೊರೆ ಒಂಚೂರು ಉಳಿದರೂ ಮತ್ತೆ ಹಬ್ಬುತ್ತದೆ. ಪೂರ್ತಿ ಸತ್ತರೆ ಮಾತ್ರ ಚೀಲ ನಾರುಗಟ್ಟಿ ಕುಗ್ಗುತ್ತದೆ.

‘ಬತ್ತಿಸು’ ಅಂತ ಒಮ್ಮೆ ಬರೆದೆ. ಬಾವಿ ಬತ್ತಿದ ಹಾಗೆ. ಆದರೆ ಬತ್ತಿದ ಬಾವಿಗೆ ಮಳೆ ಬಂದರೆ ನೀರು ಬರುತ್ತದೆ. ಮೇಲಾಗಿ ನಮ್ಮ ಮನೆಗಳಲ್ಲಿ ಪಿತ್ತ ಅಂದರೆ ತಲೆಸುತ್ತು, ವಾಕರಿಕೆ. ‘ಪಿತ್ತ ಬತ್ತಿಸುವುದು’ ಅಂದರೆ ಜೀರಿಗೆ ಕಷಾಯದ ವಿಷಯ ಅಂದುಕೊಂಡಾರು. ‘ಸುಡು’ ಅನ್ನೋಣವೆಂದರೆ ಮದ್ದು ಬಿಟ್ಟು ಮಾಡುವುದಕ್ಕೆ ಅದು ಅಷ್ಟು ಹೊಂದುವುದಿಲ್ಲ.

ನನಗೆ ಹಿಡಿಸಿದ್ದು ‘ಮುರುಟಿಸು’. ಚೀಲ ಅಲ್ಲೇ ಇದೆ, ಆದರೆ ಒಣಗಿ ಮುದುಡಿದೆ. ಎರಡೂ ಆ ಒಂದೇ ಪದದಲ್ಲಿವೆ. ‘ಪಿತ್ತಕೋಶ ಮುರುಟಿಸುವಿಕೆ’ ಅಂದರೆ ಓದುವವರಿಗೆ ಚಿತ್ರ ಕಣ್ಣಿಗೆ ಕಟ್ಟುತ್ತದೆ, ಅಲ್ವಾ?

ಒಂದೇ ಅನುಮಾನ. ಮೆಣಸಿನ ಗಿಡದ ಮುಟುರು ರೋಗದಲ್ಲಿ ಎಲೆ ಮುರುಟಿದರೂ ಗಿಡ ಬದುಕಿರುತ್ತದೆ. ನಿಮ್ಮ ಕಡೆ ‘ಮುರುಟಿತು’ ಅಂದರೆ ಪೂರ್ತಿ ಸತ್ತಿತು ಎಂದೋ, ಬರೀ ಮುದುಡಿತು ಎಂದೋ? ಬೇಸಾಯ ಮಾಡುವವರು ದಯವಿಟ್ಟು ತಿಳಿಸಿ.