ಎದೆಬಡಿತದ ಪಾಸ್‌ಬುಕ್

ಲಾಲ್‌ಬಾಗಿನ ಬಂಡೆ ಹತ್ತುವ ಮೊದಲೇ ನನ್ನ ವಾಚು 96 ತೋರಿಸಿತು. ನಾನಿನ್ನೂ ಶೂ ಲೇಸ್ ಕಟ್ಟುತ್ತಿದ್ದೆ ಅಷ್ಟೇ. ಮಗಳು ಕೊಡಿಸಿದ ವಾಚು, ಮಣಿಕಟ್ಟಿಗೆ ಹಸಿರು ದೀಪ ಬಿಟ್ಟು ಎದೆಬಡಿತ ಎಣಿಸುತ್ತದೆ. ಕೆಟ್ಟುಹೋಗಿದೆ ಅಂದೆ.

"ಕೆಟ್ಟಿಲ್ಲಪ್ಪ," ಅಂದರು ಮೇಷ್ಟ್ರು. ಜೀವಶಾಸ್ತ್ರ ಪಾಠ ಮಾಡಿ ರಿಟೈರ್ ಆದವರು, ಈಗ ಕ್ಲಾಸೆಲ್ಲ ನಮಗೇ. "ಬಂಡೆ ಕಂಡ ಕೂಡಲೇ ಮೆದುಳು ಸುದ್ದಿ ಕಳಿಸಿಬಿಡುತ್ತೆ, ಕೆಲಸ ಬರ್ತಾ ಇದೆ ಅಂತ. ಹೃದಯ ಮೊದಲೇ ತಯಾರಾಗುತ್ತೆ."

"ನಮ್ಮ ಬ್ರಾಂಚಿನಲ್ಲಿ ಕೆಲಸ ಬರ್ತಾ ಇದೆ ಅಂದರೆ ಎಲ್ಲರೂ ಕಾಫಿಗೆ ಎದ್ದು ಹೋಗ್ತಿದ್ವಿ," ಅಂದರು ಭಾವ.

ಭಾವ ಬ್ಯಾಂಕಿನಲ್ಲಿದ್ದವರು. ಬಂಡೆ ಹತ್ತುವುದಿಲ್ಲ, ಕೆಳಗಿನ ಬೆಂಚೇ ಅವರ ಕೌಂಟರ್. ಯಾಕೆ ಅಂದರೆ ಒಂದೇ ವಾದ: ಹುಟ್ಟುವಾಗಲೇ ದೇವರು ಇಷ್ಟು ಬಡಿತ ಅಂತ ಅಕೌಂಟಿಗೆ ಹಾಕಿ ಕಳಿಸಿರುತ್ತಾನೆ, ಅದನ್ನು ಬೆಳಗಾಗೆದ್ದು ಏದುಸಿರು ಬಿಡುತ್ತಾ ಖರ್ಚು ಮಾಡುವುದು ಯಾವ ಬುದ್ಧಿವಂತಿಕೆ?

ನಾಲ್ಕನೆಯವನು ಮೋಟಾರ್ ಸೀನ. ಪಂಪ್‌ಸೆಟ್ ರಿಪೇರಿ ಅಂಗಡಿ ಅವನದು. ನಡೆಯುವಾಗ ಜೋರಾಗಿ ಹಾಡುತ್ತಾನೆ. ಕೇಳಿದವರು ಬೇರೆ ದಾರಿ ಹಿಡಿಯುತ್ತಾರೆ, ಹಾಗಾಗಿ ನಮ್ಮ ದಾರಿ ಸದಾ ಖಾಲಿ.

"ಹೃದಯವೂ ಪಂಪೇ ಅಂದಮೇಲೆ ಎಷ್ಟು ಎಚ್‌ಪಿ ಹೇಳಿ ಮೇಷ್ಟ್ರೇ," ಅಂದ.

"ಎಚ್‌ಪಿ ಎಲ್ಲಿಂದ ಬಂತು? ಸುಮ್ನೆ ಕೂತಿದ್ದಾಗ ಒಂದು ವ್ಯಾಟಿನ ಆಸುಪಾಸು."

ಸೀನನಿಗೆ ಅವಮಾನವಾಯಿತು. ಅರ್ಧ ಎಚ್‌ಪಿ ಮೋಟಾರಿಗೇ 373 ವ್ಯಾಟ್. "ಹಳೇ ಜೀರೋ ಬಲ್ಬಿಗೂ ಸಾಲದಲ್ಲ!"

"ಸಾಲಲ್ಲ. ಮುಷ್ಟಿಯಷ್ಟು ಗಾತ್ರ, ಸುಮಾರು 300 ಗ್ರಾಂ ತೂಕ. ಆದರೆ ಒಂದು ಬಡಿತಕ್ಕೆ 70 ಮಿಲಿ ತಳ್ಳುತ್ತೆ. ನಿಮಿಷಕ್ಕೆ 5 ಲೀಟರ್, ದಿನಕ್ಕೆ 7,200 ಲೀಟರ್."

"ಒಂದು ಟ್ಯಾಂಕರ್ ನೀರಿಗಿಂತ ಜಾಸ್ತಿ!" ಬೇಸಿಗೆಯ ಟ್ಯಾಂಕರ್ ರೇಟು ನೆನಪಾಗಿ ಭಾವನ ಮುಖ ಅರಳಿತು. ಅದೇ 5 ಲೀಟರ್ ರಕ್ತ ಸುತ್ತಿ ಸುತ್ತಿ ಬರುತ್ತದೆ ಅಂತ ಗೊತ್ತಾದ ಮೇಲೆ ಸ್ವಲ್ಪ ಬಾಡಿತು.

ಸ್ಟಾರ್ಟರ್ ಎಲ್ಲಿದೆ ಅಂತ ಸೀನನ ಮುಂದಿನ ಪ್ರಶ್ನೆ. ಬಲಗಡೆ ಮೇಲಿನ ಕೋಣೆಯಲ್ಲಿ ಒಂದು ಪುಟ್ಟ ಗಂಟಂತೆ, ಅಲ್ಲೇ ಕರೆಂಟ್ ಹುಟ್ಟುವುದಂತೆ. ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ 1907ರಲ್ಲಿ ಇದನ್ನು ಲೋಕಕ್ಕೆ ಹೇಳಿದರು. ಗುರು ಕೀತ್ ಹೆಂಡತಿ ಜೊತೆ ಸೈಕಲ್ ಹೊಡೆಯಲು ಹೋಗಿದ್ದರು, ವಿದ್ಯಾರ್ಥಿ ಫ್ಲ್ಯಾಕ್ ಮನೆಯಲ್ಲೇ ಕೂತು ಮೋಲ್ ಅನ್ನುವ ಇಲಿಯಂಥ ಪ್ರಾಣಿಯ ಹೃದಯ ನೋಡುತ್ತಿದ್ದಾಗ ಆ ಗಂಟು ಕಣ್ಣಿಗೆ ಬಿತ್ತು.

"ನೋಡಿದ್ರಾ," ಅಂದರು ಭಾವ, "ವ್ಯಾಯಾಮಕ್ಕೆ ಹೋದವನಿಗೆ ಸಿಗಲಿಲ್ಲ, ಕೂತವನಿಗೆ ಸಿಕ್ಕಿತು."

ಮೇಷ್ಟ್ರು ಕೇಳಿಸದವರಂತೆ ಮುಂದುವರಿಸಿದರು. ಆ ಗಂಟನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಮೆದುಳಿನಿಂದ ಇಳಿದು ಬರುವ ವೇಗಸ್ ನರ ಅದನ್ನು 70ರ ಹತ್ತಿರ ಹಿಡಿದಿಟ್ಟಿದೆ. ಹೆಸರು ಮಾತ್ರ ವೇಗಸ್, ಕೆಲಸ ಬ್ರೇಕು. ನಡೆಯಲು ಶುರು ಮಾಡಿದಾಗ ದೇಹ ಮೊದಲು ಬ್ರೇಕ್ ಬಿಡುತ್ತದೆ, ಆಕ್ಸಿಲರೇಟರ್ ಒತ್ತುವುದು ಆಮೇಲೆ. ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಈ ನರ ಕತ್ತರಿಸಿಹೋಗಿರುವುದರಿಂದ ಸುಮ್ಮನೆ ಕೂತಾಗಲೂ 90, 100 ಬಡಿಯುತ್ತದೆ. ನಡೆದರೆ ಏರುವುದು ನಿಧಾನ, ರಕ್ತದಲ್ಲಿ ಅಡ್ರಿನಲಿನ್ ಅನ್ನುವ ಹಾರ್ಮೋನು ಬಂದು ಸೇರುವವರೆಗೂ ಕಾಯಬೇಕು. ನನಗೆ ಈ ಬ್ರೇಕಿನ ವಿಷಯ ಬಹಳ ಹಿಡಿಸಿತು. ಅರವತ್ತು ವರ್ಷ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಗಾಡಿ ಓಡಿಸಿದ್ದೇನೆ ಅಂದ ಹಾಗಾಯಿತು, ನನ್ನ ಡ್ರೈವಿಂಗ್ ಬಗ್ಗೆ ಹೆಂಡತಿ ಹೇಳುವುದೂ ಅದನ್ನೇ.

"ಅದಿರಲಿ, ಬೋರ್‌ನಲ್ಲಿ ನೀರಿಲ್ಲದೆ ಮೋಟಾರ್ ಎಷ್ಟು ತಿರುಗಿದರೇನು?" ಸೀನ ಬಿಡುವವನಲ್ಲ. "ಕಾಲಿನ ರಕ್ತ ಮೇಲಕ್ಕೆ ಬರೋದು ಹೇಗೆ?"

"ನಡೆಯುವಾಗ ಮೀನಖಂಡ ರಕ್ತನಾಳವನ್ನು ಹಿಂಡುತ್ತೆ. ಒಳಗೆ ಸಣ್ಣ ಕವಾಟಗಳಿವೆ, ಮೇಲೆ ಹೋದದ್ದನ್ನು ಕೆಳಗೆ ಬಿಡಲ್ಲ."

"ಫುಟ್‌ವಾಲ್ವ್!" ಅಂತ ಕಿರುಚಿದ. ಪಕ್ಕದಲ್ಲಿದ್ದ ಅಳಿಲು ಮರ ಹತ್ತಿತು. ಹೋದ ತಿಂಗಳು ದಡದಡ ಬಂಡೆ ಹತ್ತಿ ಗಕ್ಕನೆ ನಿಂತಾಗ ಅವನಿಗೆ ತಲೆ ಸುತ್ತಿತ್ತಲ್ಲ, ಅದಕ್ಕೂ ಇದೇ ಕಾರಣವಂತೆ: ಹಿಂಡುವುದು ನಿಂತಿತು, ರಕ್ತ ಕಾಲಲ್ಲೇ ಉಳಿಯಿತು. ಅವನು ಅವತ್ತು ಬೆಳಗ್ಗೆ ತಿಂದ ಎರಡು ವಡೆಯ ಮೇಲೆ ನಾವು ಆರೋಪ ಹಾಕಿದ್ದೆವು.

ವಾಪಸ್ ಬಂದ ರಕ್ತ ಜಾಸ್ತಿಯಾದಷ್ಟೂ ಹೃದಯದ ಗೋಡೆ ಹಿಗ್ಗುತ್ತದೆ, ಹಿಗ್ಗಿದಷ್ಟೂ ಜೋರಾಗಿ ತಳ್ಳುತ್ತದೆ. ತಿಂಗಳುಗಟ್ಟಲೆ ನಡೆದರೆ ಒಂದೊಂದು ಬಡಿತದಲ್ಲಿ ತಳ್ಳುವುದೇ ಜಾಸ್ತಿಯಾಗುತ್ತದೆ. ಆಗ ಕೂತಿದ್ದಾಗ ಅದೇ 5 ಲೀಟರಿಗೆ ಕಡಿಮೆ ಬಡಿತ ಸಾಕು. ದೂರ ಓಡುವ ಪಳಗಿದ ಓಟಗಾರರಿಗೆ 40ರ ಹತ್ತಿರ ಇರುವುದೂ ಉಂಟು.

ಇಲ್ಲಿ ಭಾವ ಜೇಬಿನಿಂದ ಪೆನ್ನು ತೆಗೆದರು. ನಾವೆಲ್ಲ ಸುಮ್ಮನಾದೆವು.

"ನಿಮಿಷಕ್ಕೆ 70 ಅಂದರೆ ದಿನಕ್ಕೆ 1,00,800. ಒಂದು ಗಂಟೆ 110ರಲ್ಲಿ ನಡೆದರೆ ಹೆಚ್ಚುವರಿ ಖರ್ಚು 2,400. ಬರೀ 4 ಬಡಿತ ಇಳಿದು 66 ಆಯ್ತು ಅನ್ನಿ, ಉಳಿದ 23 ಗಂಟೆಗೆ ಉಳಿತಾಯ 5,520." ಪೇಪರಿನ ಅಂಚಿನಲ್ಲಿ ಎರಡು ಗೆರೆ ಎಳೆದರು. "ದಿನಕ್ಕೆ 3,120 ನಿವ್ವಳ ಲಾಭ! ಇಷ್ಟು ವರ್ಷ ಯಾಕ್ರೀ ಯಾರೂ ಹೇಳಲಿಲ್ಲ?"

ಬಡಿತಕ್ಕೆ ಕೋಟಾ ಗೀಟಾ ಏನೂ ಇಲ್ಲ, ಅದು ಬರೀ ಕಟ್ಟುಕಥೆ ಅಂತ ಮೇಷ್ಟ್ರು ತಿದ್ದಲು ಹೋದರು. ನಾನು ಕಣ್ಸನ್ನೆ ಮಾಡಿ ತಡೆದೆ. ಭಾವ ಎದ್ದು ನಿಂತಿದ್ದರು.

ಎಷ್ಟು ಜೋರಾಗಿ ನಡೆಯಬೇಕು ಅಂತ ಕೇಳಿದ್ದಕ್ಕೆ ಮೇಷ್ಟ್ರು ಸುಲಭದ ಅಳತೆ ಕೊಟ್ಟರು: ಮಾತಾಡೋಕಾಗಬೇಕು, ಹಾಡೋಕಾಗಬಾರದು. ಎಲ್ಲರೂ ಸೀನನ ಕಡೆ ತಿರುಗಿದೆವು. ಮೂರು ವರ್ಷದಿಂದ ಅವನು ಪಲ್ಲವಿ, ಅನುಪಲ್ಲವಿ, ಚರಣ ಎಲ್ಲ ಮುಗಿಸಿ ಮನೆಗೆ ಹೋಗುತ್ತಿದ್ದ.

ಮಾರನೆಯ ದಿನ ಭಾವನನ್ನು ಮುಂದೆ ಬಿಟ್ಟುಕೊಂಡು ಬಿರಬಿರನೆ ಹೊರಟೆವು. ಸೀನ ಪಲ್ಲವಿ ಎತ್ತಿಕೊಂಡ, ಎರಡನೇ ಸಾಲಿಗೆ ಉಸಿರು ಸಾಲದೆ ಬಿಟ್ಟ. ದಿನಾ ಎದುರಿಗೆ ಸಿಗುವ ಅಜ್ಜಿಯೊಬ್ಬರು ಗಾಬರಿಯಿಂದ ನಿಂತರು.

"ಯಾಕಪ್ಪ ಇವತ್ತು ಹಾಡ್ತಿಲ್ಲ? ಮೈಗೆ ಹುಷಾರಿಲ್ವಾ?"

ಸೀನ ಎರಡೂ ಕೈ ಆಡಿಸಿದ. ಮಾತಾಡೋಕೂ ಆಗುತ್ತಿರಲಿಲ್ಲ.