‘ಸ್ಕ್ರೀನಿಂಗ್ ಪಾಸಿಟಿವ್’ ಅನ್ನುವುದನ್ನು ಬಾಣಂತಿಗೆ ಹೇಗೆ ಹೇಳುವುದು?

ಪ್ರಶ್ನೆ: ಕೂಸಿನ ಹಿಮ್ಮಡದಿಂದ ರಕ್ತ ತೆಗೆದು ಮಾಡುವ ನವಜಾತ ಶಿಶು ತಪಾಸಣೆಯ ಬಗ್ಗೆ ಕಲಬುರಗಿ, ಯಾದಗಿರಿ ಕಡೆಯ ಬಾಣಂತಿಯರಿಗಾಗಿ ಒಂದು ಪುಟದ ತಿಳಿವಳಿಕೆ ಪತ್ರ ಸಿದ್ಧವಾಗುತ್ತಿದೆ. ‘ಸ್ಕ್ರೀನಿಂಗ್ ಪಾಸಿಟಿವ್’, ‘ಚಯಾಪಚಯ ದೋಷ’, ‘ಆನುವಂಶಿಕ’ ಇವುಗಳಿಗೆ ಏನು ಬರೆಯಬೇಕು? ಸಿಸ್ಟರ್‌ಗಳಿಗೆ ಕೊಡುವ ಸೂಚನೆಯ ಕನ್ನಡವನ್ನೂ ನೋಡಿಕೊಡಿ.

ಉತ್ತರ: ‘ಪಾಸಿಟಿವ್’ ಬೇಡವೇ ಬೇಡ. ಕೊರೊನಾ ಬಂದುಹೋದ ಮೇಲೆ ಆ ಮಾತಿಗೆ ರೋಗ ಅಂಟಿದೆ ಎಂಬ ಒಂದೇ ಅರ್ಥ ಉಳಿದಿದೆ. ಈ ತಪಾಸಣೆಯಲ್ಲಿ ಹುಡುಕುವ, ಹುಟ್ಟಿನಿಂದಲೇ ಇರುವ ಕಾಯಿಲೆಗಳು ಅಂಟುವಂಥವಲ್ಲ, ಮೊದಲ ವರದಿಯಿಂದ ಖಚಿತವಾಗುವಂಥವೂ ಅಲ್ಲ. ‘ಸಂಶಯ ಬಂದಿದೆ, ಕೂಡಲೇ ಇನ್ನೊಮ್ಮೆ ರಕ್ತ ನೋಡಬೇಕು’ ಎಂದು ಪೂರ್ತಿ ವಾಕ್ಯವನ್ನೇ ಹಾಕಿ. ಅದರಲ್ಲಿ ‘ಕೂಡಲೇ’ ಬಿಟ್ಟುಹೋಗಬಾರದು. ಗ್ಯಾಲಕ್ಟೋಸೀಮಿಯಾ (ಹಾಲಿನ ಸಕ್ಕರೆಯ ಅಂಶ ಮೈಯಲ್ಲಿ ಒಡೆಯದ ಕಾಯಿಲೆ) ಸಂಶಯವಿದ್ದರೆ ಮರುಪರೀಕ್ಷೆಯ ಫಲಿತಾಂಶಕ್ಕೂ ಕಾಯದೆ, ವೈದ್ಯರು ತಾಯಿಹಾಲೂ ಸೇರಿ ಎಲ್ಲ ಹಾಲು ನಿಲ್ಲಿಸಿ ಕೂಸುಗಳಿಗೆಂದೇ ಇರುವ ಸೋಯಾ ಹಾಲಿನ ಪುಡಿ ಶುರು ಮಾಡಿಸುತ್ತಾರೆ. ಥೈರಾಯ್ಡ್ ಕೊರತೆಯಲ್ಲಿ ಹಾಗಲ್ಲ: ತಾಯಿಹಾಲು ನಡೆಯಲಿ, ಗುಳಿಗೆ ಮಾತ್ರ ಹುಟ್ಟಿದ ಎರಡು ವಾರದೊಳಗೆ ಶುರುವಾಗಲೇಬೇಕು. ಹಾಗಾಗಿ ‘ಹಾಲು ನಿಲ್ಲಿಸಿ’ ಎಂಬ ಸಾಲು ಪತ್ರದಲ್ಲಿ ಎಲ್ಲದಕ್ಕೂ ಸೇರಿಸಿ ಬಂದರೆ ಅಪಾಯ.

‘ಚಯಾಪಚಯ’ ಶಾಲೆಯ ಪುಸ್ತಕದಾಚೆ ಯಾರ ಬಾಯಲ್ಲೂ ಇಲ್ಲ. ‘ಜೀರ್ಣವಾಗುವುದಿಲ್ಲ’ ಎಂದು ಬರೆದರೆ ಮನೆಯ ಹಿರಿಯರು ಅಜವಾನದ ನೀರು ಕುಡಿಸುತ್ತಾರೆ. ‘ಉಂಡದ್ದು ಮೈಗೆ ಹತ್ತುವುದಿಲ್ಲ’ ಹತ್ತಿರದ ಮಾತೇನೋ ಹೌದು, ಆದರೆ ಕೂಸು ಬಡಕಲಾಗಿದೆ ಎಂಬಲ್ಲಿಗೇ ಅದು ನಿಲ್ಲುತ್ತದೆ. ದೋಷ ಹೊಟ್ಟೆಯದ್ದಲ್ಲ, ಮೈಯೊಳಗೆ ಆಹಾರದ ಅಂಶಗಳನ್ನು ಒಡೆಯುವ ಕಿಣ್ವದ್ದು (ಎಂಜೈಮ್). ‘ಹಾಲಿನಲ್ಲಿರುವ ಕೆಲವು ಅಂಶ ಕೂಸಿನ ಮೈಯಲ್ಲಿ ಒಡೆಯದೆ ಸೇರಿಕೊಂಡು ವಿಷವಾಗುತ್ತದೆ’ ಎನ್ನಿ. ಫಿನೈಲ್‌ಕೀಟೋನೂರಿಯಾ (ಪ್ರೋಟೀನಿನಲ್ಲಿರುವ ಫಿನೈಲ್‌ಅಲನೈನ್ ಒಡೆಯದ ಕಾಯಿಲೆ), ಗ್ಯಾಲಕ್ಟೋಸೀಮಿಯಾ ಎರಡಕ್ಕೂ ಇದು ಸರಿ ಹೊಂದುತ್ತದೆ.

‘ಆನುವಂಶಿಕ’ ಎಂಬುದಕ್ಕೆ ‘ಮನೆತನದ ರೋಗ’ ಎಂದು ಬರೆಯಬೇಡಿ, ದೂರು ನೇರ ಸೊಸೆಯ ಮೇಲೆ ಹೋಗುತ್ತದೆ. ಇವುಗಳಲ್ಲಿ ಹೆಚ್ಚಿನವಕ್ಕೆ ತಂದೆ ತಾಯಿ ಇಬ್ಬರಿಂದಲೂ ಒಂದೊಂದು ದೋಷದ ಜೀನ್ ಬರಬೇಕು. ಅವರಿಬ್ಬರೂ ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಅಂಥ ದಂಪತಿಗೆ ಪ್ರತಿ ಬಸಿರಿನಲ್ಲೂ ಕೂಸಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದಲ್ಲೇ ಕೊಟ್ಟು ತಂದುಕೊಳ್ಳುವ ನಮ್ಮ ಕಡೆ ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ದೋಷದ ಜೀನ್ ಇರುವ ಸಾಧ್ಯತೆ ಹೆಚ್ಚು. ಅಂಥ ಕಾಯಿಲೆಗಳಿಗೆ ‘ತಂದೆ ತಾಯಿ ಇಬ್ಬರಿಂದಲೂ ಬಂದದ್ದು’ ಸಾಕು.

ಇನ್ನು ಸಿಸ್ಟರ್‌ಗಳ ಸೂಚನೆ. ಹುಟ್ಟಿ 48ರಿಂದ 72 ತಾಸಿನೊಳಗೆ ರಕ್ತ ತೆಗೆಯಬೇಕು. ಮೊದಲ ದಿನವೇ ತೆಗೆದರೆ ಟಿಎಸ್‌ಎಚ್ (ಥೈರಾಯ್ಡ್ ಕೊರತೆ ಗುರುತಿಸಲು ನೋಡುವ ಹಾರ್ಮೋನು) ಸಹಜವಾಗಿಯೇ ಏರಿರುತ್ತದೆ, ಫಿನೈಲ್‌ಅಲನೈನ್ ಇನ್ನೂ ಏರಿರುವುದಿಲ್ಲ. ‘ಹಿಮ್ಮಡಕ್ಕೆ ಚುಚ್ಚಿ’ ಎಂದಷ್ಟೇ ಬರೆದರೆ ನಡುವೆ ಚುಚ್ಚುತ್ತಾರೆ. ‘ಹಿಮ್ಮಡದ ಪಕ್ಕದ ಅಂಚಿಗೆ’ ಎನ್ನಿ. ಸ್ಪಿರಿಟ್ ಪೂರ್ತಿ ಆರಬೇಕು. ಮೊದಲ ಹನಿ ಒರೆಸಿ, ಮುಂದಿನ ದಪ್ಪ ಹನಿಯನ್ನು ರಕ್ತ ಹೀರುವ ಕಾಗದದ ಕಾರ್ಡಿನ ಒಂದೇ ಮಗ್ಗುಲಿಗೆ ಮುಟ್ಟಿಸಿ, ಹಿಂಬದಿಗೆ ಇಳಿಯುವವರೆಗೆ ಬಿಡಬೇಕು. ಹನಿಯ ಮೇಲೆ ಹನಿ ಹಾಕಬಾರದು, ಹಿಮ್ಮಡ ಹಿಂಡಬಾರದು.

‘ಒಣಗಿಸಿ’ ಎಂದು ಬಿಟ್ಟರೆ ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಇಡುವವರಿದ್ದಾರೆ. ಹೊರಗೆ 40 ಡಿಗ್ರಿ ದಾಟಿರುತ್ತದೆ. ಆ ಕಾವಿಗೆ ಜಿ6ಪಿಡಿ, ಬಯೋಟಿನಿಡೇಸ್‌ನಂಥ ಕಿಣ್ವಗಳು ಕಾರ್ಡಿನಲ್ಲೇ ಕೆಡುತ್ತವೆ, ಸರಿಯಿದ್ದ ಕೂಸಿಗೂ ಕೊರತೆ ಎಂದು ವರದಿ ಬರುತ್ತದೆ. ‘ನೆರಳಲ್ಲಿ, ಅಡ್ಡ ಮಲಗಿಸಿ, 3ರಿಂದ 4 ತಾಸು ಆರಿಸಿ’ ಎಂದು ಬಿಡಿಸಿ ಬರೆಯಿರಿ.

ಕಾರ್ಡಿನ ‘ವಿಳಾಸ’ ಎಂಬ ಜಾಗದಲ್ಲಿ ಎಲ್ಲರೂ ಗಂಡನ ಮನೆಯದನ್ನೇ ಬರೆಸುತ್ತಾರೆ, ಬಾಣಂತಿ ಇರುವುದು ತವರಿನಲ್ಲಿ. ‘ಈಗ ಕೂಸು ಇರುವ ಮನೆಯ ಊರು, ಫೋನ್’ ಎಂದು ಬೇರೆ ಸಾಲು ಸೇರಿಸಿ.