ಅಪ್‌ಡೇಟ್: ಡೀಸೆಲ್ ಕಾರಿನ ಆಲ್ಟರ್ನೇಟರ್ ಮನೆಯಲ್ಲೇ ಬದಲಾಯಿತು
ಸುಮಾರು 2.4 ಲಕ್ಷ ಕಿಲೋಮೀಟರ್ ಓಡಿರುವ ನನ್ನ ಡೀಸೆಲ್ ಕಾರಿನಲ್ಲಿ ಎಂಜಿನ್ ಚಾಲೂ ಇದ್ದಾಗಲೂ ಬ್ಯಾಟರಿಯಲ್ಲಿ 12.1 ವೋಲ್ಟ್ ಮಾತ್ರ ತೋರಿಸುತ್ತಿದ್ದುದರಿಂದ, ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಮನೆಯಲ್ಲೇ ಬದಲಿಸಬಹುದೇ ಎಂದು ಕೇಳಿದ್ದೆ. ಬದಲಿಸಿದ್ದಾಯಿತು, ಈಗ ಹೆಡ್‌ಲೈಟ್ ಹಾಕಿದಾಗಲೂ 14.1 ವೋಲ್ಟ್ ನಿಲ್ಲುತ್ತಿದೆ.

ಹೆಚ್ಚು ಗಮನ ಬೇಡಿದ್ದು ವೈರಿಂಗ್ ಅಲ್ಲ, ವ್ಯಾಕ್ಯೂಮ್ ಪಂಪ್. ಬ್ರೇಕ್ ಪೆಡಲ್ ಒತ್ತುವ ಬಲವನ್ನು ಹೆಚ್ಚಿಸಿಕೊಡುವ ಬ್ರೇಕ್ ಬೂಸ್ಟರಿಗೆ ಬೇಕಾದಷ್ಟು ನಿರ್ವಾತ, ಪೆಟ್ರೋಲ್ ಎಂಜಿನ್ನಿನಲ್ಲಿ ಸಿಗುವ ಹಾಗೆ ಡೀಸೆಲ್ ಎಂಜಿನ್ನಿನಲ್ಲಿ ಗಾಳಿ ಒಳಬರುವ ಇನ್‌ಟೇಕ್‌ನಿಂದ ಸಿಗುವುದಿಲ್ಲವಾದ್ದರಿಂದ, ನನ್ನ ಕಾರಿನಂಥ ಹಳೆಯ ಮಾದರಿಗಳಲ್ಲಿ ಆ ಪಂಪನ್ನು ಆಲ್ಟರ್ನೇಟರಿನ ಹಿಂಬದಿಗೇ ಜೋಡಿಸಿ, ಎಂಜಿನ್ ಆಯಿಲ್ ಪೂರೈಸಲು ಒಂದು ಸಣ್ಣ ಪೈಪನ್ನೂ ಅದು ಮರಳಲು ಒಂದು ಹೋಸನ್ನೂ ಕೊಟ್ಟಿರುತ್ತಾರೆ. ಪಂಪಿನ ಸೀಲ್ ಸವೆದು ಆಲ್ಟರ್ನೇಟರಿನ ಒಳಗಿಳಿದ ಆಯಿಲ್, ಕಾರ್ಬನ್ ಬ್ರಷ್‌ಗಳ ಪುಡಿಯೊಡನೆ ಸೇರಿ, ಆ ಬ್ರಷ್‌ಗಳು ತಾಗಿ ವಿದ್ಯುತ್ ಹರಿಸುವ ತಿರುಗುವ ಉಂಗುರಗಳಾದ ಸ್ಲಿಪ್ ರಿಂಗ್‌ಗಳ ಮೇಲೆ ಕಪ್ಪು ಅಂಟಾಗಿ ಕೂತಿತ್ತು. ಬ್ರಷ್‌ಗಳಂತೂ ಸವೆದು ತಳ ಮುಟ್ಟಿದ್ದವು. ಪಂಪ್ ಸಮೇತವಾದ ಆಲ್ಟರ್ನೇಟರನ್ನೇ ಕೊಂಡದ್ದು ಸರಿಯಾಯಿತೆಂದು ನನಗನಿಸುತ್ತದೆ.

ಈ ಕೆಲಸಕ್ಕೆ ಕೈಹಾಕುವವರು ಮೊದಲು ಬ್ಯಾಟರಿಯ ನೆಗೆಟಿವ್ ಕೇಬಲ್ ಕಳಚಬೇಕು, ಆಯಿಲ್ ಪೈಪಿಗೆ ಹೊಸ ತಾಮ್ರದ ವಾಷರ್‌ಗಳನ್ನೇ ಹಾಕಬೇಕು. ಎಲ್ಲ ಮುಗಿದ ಮೇಲೆ, ಎಂಜಿನ್ ಆಫ್ ಇರುವಾಗ ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಿ, ಹಾಗೇ ಹಿಡಿದುಕೊಂಡು ಸ್ಟಾರ್ಟ್ ಮಾಡಿದಾಗ ಪೆಡಲ್ ತುಸು ಕೆಳಗಿಳಿಯದಿದ್ದರೆ ಬೂಸ್ಟರ್ ಕೆಲಸ ಮಾಡುತ್ತಿಲ್ಲವೆಂದರ್ಥ, ದಯವಿಟ್ಟು ಕಾರನ್ನು ರಸ್ತೆಗೆ ಇಳಿಸಬೇಡಿ.